ಎರಡು ಕಾರು, ಎರಡು ಸೀಟು: ನನ್ನ ಅನುಭವ

ಗೇರ್‌ಬಾಕ್ಸ್‌ನಿಂದ ಎಣ್ಣೆ ಸೋರುತ್ತಿದೆಯೇ ಎಂದು ನೋಡಲು ಕಾರನ್ನು ಲಿಫ್ಟಿನ ಮೇಲೆ ಏರಿಸಿ ಕೆಳಗೆ ನಿಂತಿದ್ದೆ. ಟಾರ್ಚಿನ ಬೆಳಕು ಚಾಲಕನ ಸೀಟಿನ ಹಿಂಬದಿಯ ಬೋಲ್ಟಿನ ಮೇಲೆ ಬಿತ್ತು. ವಾಷರಿನ ಅಂಚಿನಗುಂಟ ನೆಲದ ತಗಡು ಸೀಳಿತ್ತು. ಉಗುರಿನಷ್ಟು ಉದ್ದದ, ಕೂದಲೆಳೆಯಷ್ಟು ಸಣ್ಣ ಬಿರುಕು. ಆ ಕಾರು ಎಲ್ಲಿಯೂ ಗುದ್ದಿರಲಿಲ್ಲ. ರೇಸ್ ಟ್ರ್ಯಾಕಿನಲ್ಲಿ ಬ್ರೇಕ್ ಒತ್ತಿದಾಗ, ತಿರುವುಗಳಲ್ಲಿ ಮೈ ವಾಲಿದಾಗ ಆಗುವ ಎಳೆದಾಟವೇ ತಗಡನ್ನು ಹರಿಯಲು ಸಾಕಾಗಿತ್ತು. ನಿಜವಾದ ಅಪಘಾತವಾಗಿದ್ದರೆ ಸೀಟು ನೆಲದಿಂದ ಕಿತ್ತು ಬರುತ್ತಿತ್ತು, ನಾನು ಅದರೊಳಗೇ ಇರುತ್ತಿದ್ದೆ.

ಅದು ಒಳ್ಳೆಯ ಬಕೆಟ್ ಸೀಟು, ಅಂದರೆ ಮೈಯನ್ನು ಎರಡೂ ಬದಿಯಿಂದ ಹಿಡಿದಿಡುವ ರೇಸ್ ಸೀಟು. ಬೆನ್ನ ಹಿಂದೆ, ಮೋಟಾರು ಕ್ರೀಡೆಯ ಜಾಗತಿಕ ಸಂಸ್ಥೆಯಾದ ಎಫ್‌ಐಎ ಮಾನ್ಯತೆಯ ಚೀಟಿ ಇತ್ತು. ಆದರೆ ಅದನ್ನು ಕೂರಿಸಿದ ಕಾರ್ಯಾಗಾರದಲ್ಲಿ ಬ್ರಾಕೆಟ್ಟಿನ ರಂಧ್ರ ಕಾರಿನ ಮೂಲ ರಂಧ್ರಕ್ಕೆ ಹೊಂದದಿದ್ದಾಗ, ಪಕ್ಕದಲ್ಲಿ ನೆಲಕ್ಕೆ ಹೊಸ ರಂಧ್ರ ಕೊರೆದು, ಕೆಳಗೊಂದು ವಾಷರ್ ಹಾಕಿ ಬಿಗಿದಿದ್ದರು. ಎಂಟು ತಿಂಗಳು ನಾನು ಕೆಳಗೆ ಬಗ್ಗಿ ನೋಡಿರಲಿಲ್ಲ. ಮೇಲಿನ ಚೀಟಿಯನ್ನು ನಂಬಿದ್ದೆ. ಆಮೇಲೆ ಸೀಟಿನ ಕೆಲಸವನ್ನೆಲ್ಲ ನಾನೇ ಕಲಿತು ಮಾಡಿಕೊಂಡೆ. ಈಗ ನನ್ನ ಬಳಿ ಎರಡು ಕಾರುಗಳಿವೆ. ದಿನವೂ ಓಡಿಸುವ ಕಾರಿನಲ್ಲಿ ಕಾರ್ಖಾನೆಯ ಸೀಟೇ ಇದೆ. ಟ್ರ್ಯಾಕಿಗೆಂದೇ ಕಟ್ಟಿದ ಕಾರಿನಲ್ಲಿ ಕಾರ್ಖಾನೆಯ ಸೀಟು, ಬೆಲ್ಟು ಯಾವುದೂ ಉಳಿದಿಲ್ಲ. ಎರಡರ ನಡುವಿನ ಅರ್ಧಂಬರ್ಧ ಏರ್ಪಾಡೇ ಎಲ್ಲಕ್ಕಿಂತ ಅಪಾಯಕಾರಿ ಎಂದು ನಾನು ನಂಬಿದ್ದೇನೆ. ಅದಕ್ಕೆ ಕಾರಣ, ಆ ಅರ್ಧ ದಾರಿಯಲ್ಲಿ ನಾನೇ ಒಂದು ವರ್ಷ ಇದ್ದೆ.

ಬಿರುಕು ಬಿಟ್ಟ ಆ ಕಾರು ಆಗ ನನ್ನ ದಿನಬಳಕೆಯ ಕಾರೂ ಹೌದು, ಟ್ರ್ಯಾಕ್ ಕಾರೂ ಹೌದು. ಬಕೆಟ್ ಸೀಟಿನ ಜೊತೆಗೆ ನಾಲ್ಕು ತುದಿಯ ಹಾರ್ನೆಸ್ (ಎರಡೂ ಭುಜ ಮತ್ತು ಸೊಂಟವನ್ನು ಕಟ್ಟುವ ರೇಸ್ ಬೆಲ್ಟು) ಹಾಕಿಸಿದ್ದೆ. ಹಿಂದಿನ ಸೀಟಿನ ಬೆಲ್ಟ್ ಬಿಗಿಯುವ ಜಾಗಕ್ಕೇ ಭುಜದ ಪಟ್ಟಿಗಳನ್ನು ಕಟ್ಟಿತ್ತು. ಕಾರು ಉರುಳಿದರೆ ಚಾವಣಿ ಕುಸಿಯದಂತೆ ತಡೆಯುವ ಉಕ್ಕಿನ ಕೊಳವೆಗಳ ಗೂಡು, ಅಂದರೆ ರೋಲ್ ಕೇಜ್, ಇರಲಿಲ್ಲ. ನೋಡಲು ರೇಸ್ ಕಾರಿನಂತೆಯೇ ಇತ್ತು. ಟ್ರ್ಯಾಕಿಗೆ ಹೋದ ಮೊದಲ ದಿನವೇ ಒಂದು ವಿಷಯ ಕಾಡಿತು. ಜೋರಾಗಿ ಬ್ರೇಕ್ ಒತ್ತಿದಾಗಲೆಲ್ಲ ಸೊಂಟದ ಪಟ್ಟಿ ಮೇಲಕ್ಕೆ ಸರಿದು ಹೊಟ್ಟೆಯ ಮೇಲೆ ಬರುತ್ತಿತ್ತು. ಬಿಗಿ ಸಾಲದೆಂದುಕೊಂಡು ಭುಜದ ಪಟ್ಟಿಗಳನ್ನು ಮತ್ತಷ್ಟು ಎಳೆದೆ. ಎಳೆದಷ್ಟೂ ಅದು ಮೇಲೇರಿತು.

ಕಾರಣ ಸರಳ. ನಾಲ್ಕು ಪಟ್ಟಿಗಳೂ ಹೊಟ್ಟೆಯ ಮುಂದೆ ಒಂದೇ ಬಕಲ್‌ನಲ್ಲಿ ಸೇರುತ್ತವೆ. ಭುಜದ ಪಟ್ಟಿಗಳ ಮೇಲೆ ಭಾರ ಬಿದ್ದರೆ ಅವು ಬಕಲ್ಲನ್ನು ಮೇಲಕ್ಕೆ ಎಳೆಯುತ್ತವೆ. ಕೆಳಗಿನಿಂದ ಹಿಡಿದುಕೊಳ್ಳಲು ತೊಡೆಸಂದಿನ ಪಟ್ಟಿ ಇಲ್ಲದಿದ್ದರೆ ಸೊಂಟದ ಪಟ್ಟಿ ಸೊಂಟದ ಗಟ್ಟಿ ಮೂಳೆಯಿಂದ ಜಾರಿ ಮೆತ್ತಗಿನ ಹೊಟ್ಟೆಯ ಮೇಲೆ ಕೂರುತ್ತದೆ. ಅಪಘಾತದಲ್ಲಿ ದೇಹ ಆ ಪಟ್ಟಿಯ ಅಡಿಯಿಂದ ಮುಂದಕ್ಕೆ ಜಾರುತ್ತದೆ. ಕರುಳು, ಯಕೃತ್ತು, ಬೆನ್ನುಮೂಳೆ ಆ ಹೊಡೆತ ತಿನ್ನುತ್ತವೆ. ಇದನ್ನು ತಡೆಯಲು ಒಂದು ಭುಜದ ಪಟ್ಟಿಯಲ್ಲಿ ಹರಿದು ಉದ್ದವಾಗುವ ಹೊಲಿಗೆಯಿಟ್ಟು ದೇಹ ತುಸು ತಿರುಗುವಂತೆ ಮಾಡಿದ ನಾಲ್ಕು ತುದಿಯ ಹಾರ್ನೆಸ್‌ಗಳನ್ನು ಶ್ರೋತ್ ಕಂಪನಿ ತಯಾರಿಸುತ್ತದೆ. ನನ್ನದು ಅಂಥದ್ದಾಗಿರಲಿಲ್ಲ.

ಇನ್ನೊಂದು ಅಪಾಯ ಚಾವಣಿಯದು. ಕಾರು ಉರುಳಿ ಚಾವಣಿ ಕುಸಿದಾಗ ಮೂರು ತುದಿಯ ಮಾಮೂಲಿ ಬೆಲ್ಟಿನಲ್ಲಿರುವವನ ದೇಹಕ್ಕೆ ಪಕ್ಕಕ್ಕೆ ವಾಲಲು ಸ್ವಲ್ಪವಾದರೂ ಅವಕಾಶವಿರುತ್ತದೆ. ಹಾರ್ನೆಸ್ ನಮ್ಮನ್ನು ಕಂಬದಂತೆ ನೆಟ್ಟಗೆ ನಿಲ್ಲಿಸಿರುತ್ತದೆ. ಹಾಗಾದರೆ ರಸ್ತೆಯ ಕಾರಿಗೆ ರೋಲ್ ಕೇಜನ್ನೂ ಹಾಕಿಬಿಡೋಣವೇ? ಹೆಲ್ಮೆಟ್ ಇಲ್ಲದ ತಲೆಯ ಪಕ್ಕದಲ್ಲಿ ಉಕ್ಕಿನ ಕೊಳವೆ ಇರುವುದು ಮತ್ತೊಂದು ಅಪಾಯ. ಪಕ್ಕದಿಂದ ಯಾರಾದರೂ ಗುದ್ದಿದರೆ ತಲೆ ಮೊದಲು ತಾಗುವುದು ಅದಕ್ಕೇ. ಒಂದು ತಪ್ಪನ್ನು ಮುಚ್ಚಲು ಹೋದರೆ ಇನ್ನೊಂದು ತೆರೆದುಕೊಳ್ಳುತ್ತದೆ.

ಕಾರ್ಖಾನೆಯ ಸೀಟನ್ನು ಮತ್ತೆ ಕೂರಿಸುವಾಗ ಅದನ್ನು ಮಗುಚಿ ಹಾಕಿ ಚೆನ್ನಾಗಿ ನೋಡಿದೆ. ಬೆಲ್ಟಿನ ಬಕಲ್ ಸೀಟಿನ ಚೌಕಟ್ಟಿಗೇ ಬಿಗಿದಿತ್ತು. ಬದಿಯಲ್ಲಿ ಏರ್‌ಬ್ಯಾಗ್ ಅಡಗಿತ್ತು. ಅಪಘಾತದ ಕ್ಷಣದಲ್ಲಿ ಬೆಲ್ಟನ್ನು ಬಿಗಿಗೊಳಿಸುವ ಸಾಧನ ಇತ್ತು. ಪಕ್ಕದ ಸೀಟಿನೊಳಗಾದರೆ ಯಾರಾದರೂ ಕೂತಿದ್ದಾರೆಯೇ ಎಂದು ಅರಿಯುವ ಸಂವೇದಕವೂ ಇರುತ್ತದೆ. ಹಿಂದಿನಿಂದ ಗುದ್ದಿದಾಗ ಕತ್ತು ಉಳುಕದಂತೆ ಬೆನ್ನು ಮತ್ತು ತಲೆಯಾಸರೆ ಎಷ್ಟು ಬಾಗಬೇಕು ಎಂಬುದನ್ನೂ ಲೆಕ್ಕ ಹಾಕಿ ಮಾಡಿದ ಸೀಟು ಅದು. ವೋಲ್ವೊದ ಎಂಜಿನಿಯರ್ ನಿಲ್ಸ್ ಬೊಹ್ಲಿನ್ ಮೂರು ತುದಿಯ ಬೆಲ್ಟನ್ನು ಕಾರುಗಳಿಗೆ ತಂದದ್ದು 1959ರಲ್ಲಿ. ಅಲ್ಲಿಂದೀಚೆಗೆ ಕಲಿತ ಪಾಠಗಳೆಲ್ಲ ಬೆಲ್ಟು, ಏರ್‌ಬ್ಯಾಗ್, ಸೀಟು ಮೂರೂ ಸೇರಿ ದುಡಿಯುವಂತೆ ಆ ಚೌಕಟ್ಟಿನೊಳಗೆ ಸೇರಿಕೊಂಡಿವೆ. ಇಪ್ಪತ್ತು ಕಿಲೋ ಉಳಿಸುವ ಆಸೆಗೆ ನಾನು ಅವನ್ನೆಲ್ಲ ಕಳಚಿ ಮೂಲೆಗಿಟ್ಟಿದ್ದೆ.

ಅಂಥ ಸೀಟನ್ನು ತೆಗೆಯುವ ಅಥವಾ ಹಾಕುವ ಕೆಲಸವಿದ್ದರೆ ಮೊದಲು ಬ್ಯಾಟರಿಯ ತಂತಿ ಬಿಚ್ಚಿ, ತಯಾರಕರ ಕೈಪಿಡಿ ಹೇಳಿದಷ್ಟು ಹೊತ್ತು ಕಾದು, ಆಮೇಲೆಯೇ ಹಳದಿ ಬಣ್ಣದ ಕನೆಕ್ಟರಿಗೆ ಕೈ ಹಾಕಬೇಕು. ಹಳದಿ ಎಂದರೆ ಏರ್‌ಬ್ಯಾಗಿನ ತಂತಿ. ಬ್ಯಾಟರಿ ಬಿಚ್ಚಿದ ಮೇಲೂ ಅದರ ನಿಯಂತ್ರಕದಲ್ಲಿ ಸ್ವಲ್ಪ ಹೊತ್ತು ವಿದ್ಯುತ್ ಉಳಿದಿರುತ್ತದೆ. ಏರ್‌ಬ್ಯಾಗ್ ತೆಗೆದ ಜಾಗಕ್ಕೆ ರೆಸಿಸ್ಟರ್ ಸಿಕ್ಕಿಸಿ ಎಚ್ಚರಿಕೆಯ ದೀಪವನ್ನು ಆರಿಸುವ ಉಪಾಯವನ್ನು ಹಲವರು ಹೇಳಿಕೊಡುತ್ತಾರೆ. ನಾನು ಅದನ್ನು ಮಾಡಲಾರೆ. ಮುಂದೆ ಆ ಕಾರನ್ನು ಕೊಳ್ಳುವವರು ಏರ್‌ಬ್ಯಾಗ್ ಇದೆ ಎಂದು ನಂಬಿ ಮಕ್ಕಳನ್ನು ಕೂರಿಸುತ್ತಾರೆ.

ರಸ್ತೆಯ ಕಾರನ್ನು ಎಂದಾದರೂ ಟ್ರ್ಯಾಕಿಗೆ ಒಯ್ದರೆ ಈಗ ಇಷ್ಟು ಮಾಡುತ್ತೇನೆ: ಸೀಟನ್ನು ಒಂದೆರಡು ಹಲ್ಲು ಹಿಂದಕ್ಕೆ ಸರಿಸಿ, ಬೆಲ್ಟ್ ಹಾಕಿಕೊಂಡು, ಅದನ್ನು ರಪ್ಪನೆ ಎಳೆದು ಲಾಕ್ ಮಾಡಿ, ಹಾಗೆಯೇ ಸೀಟನ್ನು ಮುಂದಕ್ಕೆ ತರುತ್ತೇನೆ. ಸೊಂಟ ಬಿಗಿಯಾಗಿ ಕೂರುತ್ತದೆ. ಅದಕ್ಕಿಂತ ಹೆಚ್ಚಿನದು ಬೇಕೆನಿಸುವಷ್ಟು ವೇಗವಾಗಿ ಓಡಿಸುವವನಿಗೆ ಬೇರೆ ಕಾರೇ ಬೇಕು.

ಆ ಬೇರೆ ಕಾರನ್ನು ಕಟ್ಟುವಾಗ ಕೆಲಸದ ಕ್ರಮವನ್ನೇ ತಿರುವಿಹಾಕಿದೆ. ರೋಲ್ ಕೇಜನ್ನು ಬೆಸುಗೆ ಹಾಕುವ ಮೊದಲೇ ಚಾಲಕ ಎಲ್ಲಿ ಕೂರುತ್ತಾನೆಂಬುದು ನಿರ್ಧಾರವಾಗಬೇಕು. ಹಾರ್ನೆಸ್ ಕಟ್ಟುವ ಅಡ್ಡಕೊಳವೆಯ ಎತ್ತರ ಅವನ ಭುಜವನ್ನು ಅವಲಂಬಿಸಿದೆ. ಹಾಗಾಗಿ ಮೊದಲು ಪ್ಲೈವುಡ್ ತುಂಡುಗಳ ಮೇಲೆ ಸೀಟನ್ನು ಸುಮ್ಮನೆ ಇಟ್ಟು, ಹೆಲ್ಮೆಟ್, ಶೂ, ಕುತ್ತಿಗೆಯ ರಕ್ಷಣಾ ಸಾಧನ ಎಲ್ಲವನ್ನೂ ತೊಟ್ಟು ಕೂತೆ. ಕ್ಲಚ್ಚನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು. ಬೆನ್ನು ಸೀಟಿಗೆ ಅಂಟಿದ್ದಂತೆಯೇ ಮಣಿಕಟ್ಟು ಸ್ಟೀರಿಂಗಿನ ನೆತ್ತಿಯ ಮೇಲೆ ಬೀಳಬೇಕು. ಕೇಜಿನ ಹಿಂದಿನ ಕಮಾನಿನ ತುದಿಯಿಂದ ಮುಂದಿನ ಕಮಾನಿನ ತುದಿಗೆ ಒಂದು ಕೋಲು ಹಿಡಿದರೆ ಹೆಲ್ಮೆಟ್ ಅದಕ್ಕಿಂತ 5 ಸೆಂಟಿಮೀಟರಾದರೂ ಕೆಳಗಿರಬೇಕು. ನನ್ನದು 3 ಸೆಂಟಿಮೀಟರ್ ಕೆಳಗಿತ್ತು. ಸೀಟು ಇನ್ನಷ್ಟು ಕೆಳಗಿಳಿಯಲೆಂದು ಸ್ಲೈಡರುಗಳನ್ನು (ಸೀಟನ್ನು ಹಿಂದೆ ಮುಂದೆ ಸರಿಸುವ ಹಳಿಗಳನ್ನು) ಬಿಟ್ಟುಕೊಟ್ಟು ಅದನ್ನು ನೇರವಾಗಿ ಬದಿಯ ಬ್ರಾಕೆಟ್‌ಗಳಿಗೆ ಬಿಗಿಯಲು ತೀರ್ಮಾನಿಸಿದ್ದು ಆಗಲೇ. ಬಿಗಿಯುವ ಕೊಂಡಿಗಳು ಕಡಿಮೆಯಾದಷ್ಟೂ ಸಡಿಲವಾಗುವ ಜಾಗಗಳೂ ಕಡಿಮೆ. ಇಬ್ಬರು ಓಡಿಸುವ ಕಾರಾದರೆ ಸ್ಲೈಡರ್ ಬೇಕೇಬೇಕಾಗುತ್ತದೆ. ಆಗ ಎರಡೂ ಹಳಿಗಳಲ್ಲಿ ಲಾಕ್ ಬೀಳುವಂಥದ್ದನ್ನೇ ಆರಿಸಬೇಕು.

ಸೀಟಿನ ಆಯ್ಕೆಗೆ ಚಿತ್ರ ನೋಡಿದರೆ ಸಾಲದು. ಸೊಂಟದ ಎರಡೂ ಬದಿಗೆ ಅಂಗೈಯನ್ನು ಕಷ್ಟಪಟ್ಟು ತೂರಿಸುವಷ್ಟು ಮಾತ್ರ ಜಾಗವಿರಬೇಕು. ಭುಜದ ಪಟ್ಟಿ ಹಾದುಹೋಗುವ ಕಿಂಡಿ ಭುಜದ ಮಟ್ಟದಲ್ಲಿ ಅಥವಾ ಅದಕ್ಕಿಂತ ತುಸು ಮೇಲಿರಬೇಕು. ಕೆಳಗಿದ್ದರೆ ಆ ಸೀಟು ನಿಮ್ಮದಲ್ಲ. ಮೆತ್ತನೆಯ ದಪ್ಪ ಸ್ಪಂಜನ್ನು ನಾನು ನಂಬುವುದಿಲ್ಲ. ಅದು ಕುಗ್ಗಿದಷ್ಟು ಬೆಲ್ಟು ಸಡಿಲವಾಗುತ್ತದೆ. ಮಾನ್ಯತೆಯ ವಿಷಯದಲ್ಲಿ, ಎಫ್‌ಐಎ 8855-1999 ಗುರುತಿನ ಸೀಟಿಗೆ ತಯಾರಾದ ದಿನದಿಂದ 5 ವರ್ಷ, ತಲೆಯ ಎರಡೂ ಬದಿಗೆ ದೊಡ್ಡ ಆಸರೆಯಿರುವ 8862-2009ಕ್ಕೆ 10 ವರ್ಷ ಬಾಳಿಕೆಯ ಮಿತಿ. ನಾನು 8862 ಕೊಳ್ಳಬೇಕೆಂದು ಬಹಳ ಆಸೆಪಟ್ಟೆ. ನನ್ನ ಸಣ್ಣ ಕಾರಿನಲ್ಲಿ ಅದರ ತಲೆಯಾಸರೆ ಕೇಜಿಗೆ ತಗಲುತ್ತಿತ್ತು, ಅದಕ್ಕೆ ಬಿಟ್ಟೆ. ಬಳಸಿದ ಸೀಟನ್ನು, ಅದರಲ್ಲೂ ಫೈಬರ್ ಕವಚದ್ದನ್ನು, ಎಂದೂ ಕೊಳ್ಳುವುದಿಲ್ಲ. ಒಳಗಿನ ಪದರ ಬಿಟ್ಟಿದ್ದರೂ ಬಟ್ಟೆಯ ಮೇಲಿಂದ ತಿಳಿಯುವುದಿಲ್ಲ. ನಕಲಿ ಚೀಟಿ ಅಂಟಿಸಿದ ಸೀಟುಗಳೂ ಮಾರಾಟಕ್ಕೆ ಬರುತ್ತವೆ, ಆದ್ದರಿಂದ ತಯಾರಕರ ಅಧಿಕೃತ ಮಾರಾಟಗಾರರಿಂದಲೇ ಕೊಂಡೆ.

ಇನ್ನು ನೆಲ. ನನ್ನ ಬಹುಪಾಲು ದಿನಗಳು ಕಳೆದದ್ದು ಇಲ್ಲಿಯೇ. 75 ಕಿಲೋ ತೂಗುವವನು 20 ಜಿ (ಗುರುತ್ವಾಕರ್ಷಣೆಯ ಇಪ್ಪತ್ತು ಪಟ್ಟು) ಹೊಡೆತಕ್ಕೆ ಸಿಕ್ಕರೆ ಅವನ ದೇಹವೊಂದೇ ಸುಮಾರು 1500 ಕಿಲೋ ಭಾರದಷ್ಟು ಬಲದಿಂದ ಎಳೆಯುತ್ತದೆ. ಎಫ್‌ಐಎ ನಿಯಮದಲ್ಲಿ ಸೀಟಿನ ಆಧಾರಗಳನ್ನು ಕಾರಿಗೆ ಬಿಗಿಯಲು ಕನಿಷ್ಠ ನಾಲ್ಕು ಜಾಗ, ಕನಿಷ್ಠ 8 ಮಿಲಿಮೀಟರಿನ ಬೋಲ್ಟುಗಳು, ನೆಲದ ಆಚೆ ಬದಿಗೆ ಕನಿಷ್ಠ 3 ಮಿಲಿಮೀಟರ್ ದಪ್ಪದ ಉಕ್ಕಿನ ಫಲಕ, ಒಂದೊಂದು ಜಾಗದಲ್ಲೂ ಕನಿಷ್ಠ 40 ಚದರ ಸೆಂಟಿಮೀಟರ್ ತಾಗುವ ಅಗಲ ಬೇಕು ಎಂದಿದೆ. ನನ್ನ ಹಳೆಯ ಕಾರಿನಿಂದ ತೆಗೆದಿಟ್ಟುಕೊಂಡಿದ್ದ ಆ ವಾಷರನ್ನು ಅಳೆದೆ. ಅಡ್ಡಳತೆ 24 ಮಿಲಿಮೀಟರ್. ಅಂದರೆ ನಾಲ್ಕೂವರೆ ಚದರ ಸೆಂಟಿಮೀಟರ್, ಬೇಕಾದದ್ದರ ಒಂಬತ್ತನೆಯ ಒಂದು ಪಾಲು. ತಗಡು ಹರಿದದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ಈ ಸಲ 65 ಮಿಲಿಮೀಟರ್ ಚೌಕದ ಫಲಕಗಳನ್ನು ಕತ್ತರಿಸಿ, ಮೂಲೆಗಳನ್ನು ದುಂಡಗೆ ಉಜ್ಜಿದೆ. ಚೂಪು ಮೂಲೆ ತಗಡನ್ನು ಕತ್ತರಿಯಂತೆ ಕೊಯ್ಯುತ್ತದೆ. ಬೋಲ್ಟುಗಳ ತಲೆಯ ಮೇಲೆ 10.9 ಎಂಬ ಅಚ್ಚು (ಬೋಲ್ಟಿನ ಗಟ್ಟಿತನದ ದರ್ಜೆ) ಇದೆಯೇ ಎಂದು ಒಂದೊಂದನ್ನೂ ನೋಡಿದೆ. ಕಾರಿನ ಮೂಲ ಸೀಟಿಗೆಂದು ಕಾರ್ಖಾನೆಯೇ ಗಟ್ಟಿಗೊಳಿಸಿದ್ದ ಅಡ್ಡಪಟ್ಟಿಯ ಮೇಲೆ ಎರಡು ಜಾಗ ಸಿಕ್ಕವು, ಉಳಿದ ಎರಡಕ್ಕೆ ಮಾತ್ರ ಹೊಸ ರಂಧ್ರ ಕೊರೆದೆ. ಕೊರೆದ ಅಂಚಿಗೆ ತುಕ್ಕು ತಡೆಯುವ ಬಣ್ಣ ಬಳಿಯುವುದನ್ನು ಮರೆಯಬಾರದು.

ಬದಿಯ ಬ್ರಾಕೆಟ್ಟಿಗೆ ಸೀಟನ್ನು ಸೇರಿಸುವಾಗ ಎರಡೂ ಕಡೆ ಎರಡೆರಡು ಮಿಲಿಮೀಟರ್ ಸಂದು ಉಳಿಯಿತು. ಬೋಲ್ಟನ್ನು ಬಿಗಿದರೆ ಸಂದು ಮುಚ್ಚುತ್ತದೆ ನಿಜ, ಆದರೆ ಕವಚ ಸದಾ ಎಳೆತದಲ್ಲೇ ಇರುತ್ತದೆ. ನನಗೆ ಬೆಸುಗೆ ಕಲಿಸಿದ ಹಿರಿಯ ಮೇಸ್ತ್ರಿಯೊಬ್ಬರು ಪಕ್ಕದಲ್ಲಿದ್ದರು. "ಸ್ಪ್ಯಾನರ್ ಇಲ್ಲದೆ ಬರಿಗೈಯಲ್ಲಿ ನಾಲ್ಕೂ ಬೋಲ್ಟು ಕೊನೆಯವರೆಗೆ ತಿರುಗಬೇಕು. ಅಲ್ಲಿಯವರೆಗೆ ಬಿಗಿಯಬೇಡಪ್ಪ" ಎಂದರು. ಉಕ್ಕಿನ ಬಿಲ್ಲೆಗಳನ್ನು ಸೇರಿಸುತ್ತ, ತೆಗೆಯುತ್ತ ಒಂದು ಮಧ್ಯಾಹ್ನ ಅದಕ್ಕೇ ಹೋಯಿತು. ಕೊನೆಗೆ ನಾಲ್ಕೂ ಬೋಲ್ಟುಗಳು ಬೆರಳಲ್ಲೇ ಸಲೀಸಾಗಿ ತಿರುಗಿದವು. ಆಮೇಲೆ ತಯಾರಕರು ಹೇಳಿದ ಅಳತೆಗೆ ಟಾರ್ಕ್ ರೆಂಚಿನಿಂದ ಬಿಗಿದು, ಬೋಲ್ಟು ಮತ್ತು ಬ್ರಾಕೆಟ್ ಎರಡರ ಮೇಲೂ ಹಾಯುವಂತೆ ಬಿಳಿ ಬಣ್ಣದ ಗೆರೆ ಎಳೆದೆ. ಗೆರೆ ತುಂಡಾಗಿ ಕಂಡರೆ ಬೋಲ್ಟು ತಿರುಗಿದೆ ಎಂದರ್ಥ.

ಹಾರ್ನೆಸ್ ಆರು ತುದಿಯದು. ತೊಡೆಸಂದಿನ ಎರಡು ಪಟ್ಟಿಗಳು ಬಕಲ್ಲನ್ನು ಕೆಳಗೆ ಹಿಡಿದಿಡುತ್ತವೆ. ಭುಜದ ಪಟ್ಟಿಗಳ ಕೋನ ಎಷ್ಟು ಮುಖ್ಯವೆಂಬುದು ಲೆಕ್ಕ ಹಾಕಿದಾಗ ಮನಸ್ಸಿಗೆ ನಾಟಿತು. ಪಟ್ಟಿ ಭುಜದಿಂದ ಹಿಂದಕ್ಕೆ 45 ಡಿಗ್ರಿ ಇಳಿದರೆ ಎಳೆತದ ಸುಮಾರು 70 ಪಾಲು ಬೆನ್ನುಮೂಳೆಯನ್ನು ಕೆಳಕ್ಕೆ ಒತ್ತುತ್ತದೆ, 10 ಡಿಗ್ರಿಯಾದರೆ ಬರೀ 17 ಪಾಲು (ಎಳೆತವನ್ನು ನೂರು ಎಂದಿಟ್ಟುಕೊಂಡರೆ). ಹಳೆಯ ಕಾರಿನಲ್ಲಿ ಹಿಂದಿನ ಸೀಟಿನ ಬುಡಕ್ಕೆ ಕಟ್ಟಿದ್ದ ನನ್ನ ಪಟ್ಟಿಗಳು 45 ಡಿಗ್ರಿಯನ್ನೂ ಮೀರಿದ್ದವು. ಹೊಸ ಕಾರಿನಲ್ಲಿ ಕೇಜಿನ ಅಡ್ಡಕೊಳವೆ ಭುಜಕ್ಕಿಂತ ಸ್ವಲ್ಪವೇ ಕೆಳಗಿದೆ. ಅಳೆದಾಗ 8 ಡಿಗ್ರಿ ಬಂತು. ಕೊಳವೆ ಸೀಟಿಗೆ ಹತ್ತಿರವಿರುವುದರಿಂದ ಪಟ್ಟಿಯೂ ಗಿಡ್ಡ. ಪಟ್ಟಿ ಉದ್ದವಾದಷ್ಟೂ ಹೆಚ್ಚು ಹಿಗ್ಗುತ್ತದೆ.

ದೇಹವನ್ನು ಹೀಗೆ ಕಟ್ಟಿಹಾಕಿದ ಮೇಲೆ ತಲೆಯೊಂದೇ ಸ್ವತಂತ್ರವಾಗಿ ಉಳಿಯುತ್ತದೆ. ಹೆಲ್ಮೆಟ್ಟಿನ ತೂಕವೂ ಸೇರಿ ಅದು ಮುಂದಕ್ಕೆ ಚಿಮ್ಮಿದಾಗ ತಲೆಬುರುಡೆಯ ಬುಡದ ಮೂಳೆ ಮುರಿಯುತ್ತದೆ. 1981ರಲ್ಲಿ ತಮ್ಮ ಗೆಳೆಯ ಪ್ಯಾಟ್ರಿಕ್ ಜಾಕ್‌ಮಾರ್ ಅಮೆರಿಕದ ಮಿಡ್-ಒಹಾಯೊ ಟ್ರ್ಯಾಕಿನಲ್ಲಿ ಸತ್ತ ಮೇಲೆ ರೇಸ್ ಚಾಲಕ ಜಿಮ್ ಡೌನಿಂಗ್, ಜೀವಯಾಂತ್ರಿಕ ವಿಜ್ಞಾನಿಯಾಗಿದ್ದ ಭಾವಮೈದುನ ರಾಬರ್ಟ್ ಹಬ್ಬರ್ಡ್ ಅವರ ಜೊತೆ ಸೇರಿ ಹೆಲ್ಮೆಟ್ಟನ್ನು ಭುಜದ ಮೇಲಿನ ಕೊರಳಪಟ್ಟಿಗೆ ಕಟ್ಟಿ ತಲೆ ಚಿಮ್ಮದಂತೆ ಹಿಡಿಯುವ ಹ್ಯಾನ್ಸ್ ಸಾಧನವನ್ನು ರೂಪಿಸಿದರು. ಫೆಬ್ರುವರಿ 2001ರಲ್ಲಿ ಡೇಟೋನಾ ಟ್ರ್ಯಾಕಿನಲ್ಲಿ ಅಮೆರಿಕದ ಹೆಸರಾಂತ ಚಾಲಕ ಡೇಲ್ ಅರ್ನ್‌ಹಾರ್ಟ್ ಇದೇ ಬಗೆಯ ಮೂಳೆ ಮುರಿತದಿಂದ ಸತ್ತರು. ಅದೇ ವರ್ಷ ಅಮೆರಿಕದ ಕಾರ್ ರೇಸ್ ಸಂಸ್ಥೆ ನಾಸ್ಕಾರ್, 2003ರಲ್ಲಿ ಫಾರ್ಮುಲಾ ಒನ್ ತಲೆ-ಕತ್ತಿನ ರಕ್ಷಣೆಯನ್ನು ಕಡ್ಡಾಯ ಮಾಡಿದವು. ಎಷ್ಟೋ ವರ್ಷ ಆ ಸಾಧನ ಇದ್ದೂ ಬಹುಮಂದಿ ತೊಡಲಿಲ್ಲವೆಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ. ಹಾರ್ನೆಸ್ ಕೊಳ್ಳಲು ಹಣವಿದ್ದು ಇದಕ್ಕೆ ಇಲ್ಲವೆಂದರೆ ಹಾರ್ನೆಸ್ಸನ್ನೂ ಮುಂದೂಡುವುದು ಮೇಲು.

ಪಕ್ಕದ ಸೀಟಿಗೂ ಇದೇ ಫಲಕ, ಇದೇ ಬೋಲ್ಟು, ಇದೇ ಹಾರ್ನೆಸ್ ಹಾಕಿದ್ದೇನೆ. ಕಲಿಸಲು ಕೂರುವವರು ನನ್ನದೇ ತಪ್ಪಿಗೆ ಸಿಗುವವರು, ಅವರಿಗೆ ಕಡಿಮೆ ರಕ್ಷಣೆ ಕೊಡುವ ಹಕ್ಕು ನನಗಿಲ್ಲ. ಎಲ್ಲ ಮುಗಿದ ಮೇಲೆ ಪೂರ್ತಿ ಉಡುಪಿನಲ್ಲಿ ಕಣ್ಣು ಮುಚ್ಚಿ ಕಾರಿನಿಂದ ಹೊರಬರುವುದನ್ನು ಅಭ್ಯಾಸ ಮಾಡಿದೆ. ಮೊದಲ ಸಲ 21 ಸೆಕೆಂಡು ಹಿಡಿಯಿತು, ಸ್ಟೀರಿಂಗ್ ಕಳಚುವ ಗುಂಡಿ ಕೈಗೆ ಸಿಗಲಿಲ್ಲ. ಈಗ 9 ಸೆಕೆಂಡು.

ಪ್ರತಿ ಸಲ ಟ್ರ್ಯಾಕಿಗೆ ಹೊರಡುವ ಹಿಂದಿನ ದಿನ ಕಾರಿನ ಕೆಳಗೆ ಮಲಗಿ ಎಲ್ಲ ಫಲಕಗಳ ಅಂಚನ್ನೂ ಟಾರ್ಚಿನಿಂದ ನೋಡುತ್ತೇನೆ, ಬಿಳಿ ಗೆರೆಗಳನ್ನು ಎಣಿಸುತ್ತೇನೆ. ಮೊದಲ ಹಾರ್ನೆಸ್‌ಗಳ ಅವಧಿ ಕಳೆದ ಡಿಸೆಂಬರ್ 31ಕ್ಕೆ ಮುಗಿಯಿತು. ಪಟ್ಟಿ ನೋಡಲು ಹೊಸದರಂತೆಯೇ ಇತ್ತು, ಪರಿಚಯದವರೊಬ್ಬರು ತಮ್ಮ ರಸ್ತೆಯ ಕಾರಿಗೆ ಕೇಳಿದರು. ಕೊಡಲಿಲ್ಲ. ಎಲ್ಲ ಪಟ್ಟಿಗಳನ್ನೂ ಗೇಣುದ್ದದ ತುಂಡುಗಳಾಗಿ ಕತ್ತರಿಸಿ ಕಸಕ್ಕೆ ಹಾಕಿದೆ.