ಲೈವ್ ರಾಕ್ ಜೊತೆ ಬಂದ ಕರೆಯದ ಅತಿಥಿ
ಉಪ್ಪುನೀರಿನ ಹೊಸ ಮೀನಿನ ಟ್ಯಾಂಕಿಗೆ ಲೈವ್ ರಾಕ್ (ಕಡಲಿನ ಸಣ್ಣ ಜೀವಿಗಳು ಮನೆಮಾಡಿರುವ ಕಲ್ಲು) ಹಾಕಿ 3 ವಾರ ಆಗಿತ್ತು. ಕಲ್ಲಿನ ಸಂದಿಯಲ್ಲಿ ಪುಟ್ಟ ತಾಳೆಮರದಂಥದ್ದೊಂದು ಕಂಡಿತು. ಚೆಂದ ಇದೆ ಅಂತ ಸುಮ್ನೆ ಬಿಟ್ಟೆ. ಅದು ಐಪ್ಟೇಸಿಯಾ, ಅನಿಮೊನಿ ಜಾತಿಯ ಕುಟುಕುವ ಕಡಲಜೀವಿ. ಚಿಮಟದಿಂದ ಕಿತ್ತದ್ದೇ ತಪ್ಪಾಯಿತು, ಉಳಿದ ಚೂರುಗಳಿಂದ ಹೊಸವು ಹುಟ್ಟಿ ಒಂದಿದ್ದದ್ದು ಏಳಾಯಿತು!

ಕೊನೆಗೆ ಕೆಲಸಕ್ಕೆ ಬಂದದ್ದು ಸುಣ್ಣ. ಎಲೆಅಡಿಕೆ ಡಬ್ಬಿಯದಲ್ಲ, ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಆರ್‌ಓ ನೀರಲ್ಲಿ ಗಟ್ಟಿಯಾಗಿ ಕಲಸಿ, ಪಂಪ್ ನಿಲ್ಲಿಸಿ, ಅದು ಮುದುಡಿಕೊಳ್ಳುವ ಮೊದಲೇ ಸಿರಿಂಜಿನಿಂದ ಬಾಯಿಯ ಮೇಲೆ ನಿಧಾನವಾಗಿ ಸುರಿದು, 15 ನಿಮಿಷ ಬಿಟ್ಟು ಪಂಪ್ ಹಾಕಿದೆ. ಸುಣ್ಣದಿಂದ ನೀರಿನ ಪಿಎಚ್ ಏರುತ್ತದೆ, ಅದಕ್ಕೇ ದಿನಕ್ಕೆ ಎರಡು ಐಪ್ಟೇಸಿಯಾಗಳಿಗಷ್ಟೇ. ಆಮೇಲೆ ಬಿಟ್ಟ ಪೆಪ್ಪರ್‌ಮಿಂಟ್ ಸಿಗಡಿಗಳು ಮರಿಗಳನ್ನು ಮುಗಿಸಿದವು. ಕಲ್ಲಿನ ಜೊತೆಗೇ ಬಂದ ಬ್ರಿಸಲ್ ಹುಳುಗಳನ್ನು ಮಾತ್ರ ನಾನು ಮುಟ್ಟಲಿಲ್ಲ, ಮೀನು ಬಿಟ್ಟ ಆಹಾರ ತಿಂದು ಚೊಕ್ಕ ಮಾಡುತ್ತವೆ ಅಲ್ವಾ.