ಸದಾಶಿವಗಡಕ್ಕೆ ಹೋಗುವವರಿಗೆ ಒಂದಿಷ್ಟು ಸಲಹೆ

ಕಾರವಾರಕ್ಕೆ ಬಂದವರು ಹೆಚ್ಚಾಗಿ ಟ್ಯಾಗೋರ್ ಬೀಚ್ ನೋಡಿಕೊಂಡು ಗೋವಾ ಕಡೆ ಹೊರಟುಬಿಡುತ್ತಾರೆ. ದಯವಿಟ್ಟು ಕಾಳಿ ಸೇತುವೆ ದಾಟಿದ ಕೂಡಲೇ ಸಿಗುವ ಸದಾಶಿವಗಡ ಗುಡ್ಡಕ್ಕೂ ಸ್ವಲ್ಪ ಸಮಯ ಇಡಿ. ಶಿರಸಿ ಹತ್ತಿರದ ಸೋಂದೆಯ ಅರಸ ಕಟ್ಟಿಸಿ, ತಂದೆಯ ಹೆಸರಿಟ್ಟ ಕೋಟೆ ಇದು. ದೊಡ್ಡ ಬುರುಜು, ಅರಮನೆ ಸಿಗುತ್ತೆ ಅಂದುಕೊಂಡು ಹೋಗಬೇಡಿ, ಈಗ ಉಳಿದಿರುವುದು ಕಡಿಮೆ. ದುರ್ಗಾದೇವಿ ಗುಡಿ ಇದೆ, ಅಲ್ಲಿಗೂ ಹೋಗಿ ಬನ್ನಿ.

ನೋಡಬೇಕಾದದ್ದು ಮೇಲಿನಿಂದ ಕಾಣುವ ನೋಟ. ಕಾಳಿ ನದಿ ಸಮುದ್ರ ಸೇರುವ ಜಾಗ ಪೂರ್ತಿ ಕಣ್ಣಿಗೆ ಬೀಳುತ್ತದೆ. ಆಚೆ ದಡದಲ್ಲಿ ಕಾರವಾರ ಪೇಟೆ, ದೂರದಲ್ಲಿ ಬೈತಕೋಲ ಬಂದರಿನ ಕಡೆ, ಸಮುದ್ರದೊಳಗೆ ಕೂರ್ಮಗಡ ದ್ವೀಪ. ಹಿಂದೆ ಒಳನಾಡಿಂದ ಬರುವ ಸರಕಿಗೂ ಸಮುದ್ರದ ಹಡಗಿಗೂ ಈ ನದಿಬಾಯಿಯೇ ದಾರಿಯಾಗಿತ್ತು. ಇಲ್ಲಿ ಕೋಟೆ ಯಾಕೆ ಬೇಕಾಯ್ತು ಅಂತ ಅಲ್ಲಿ ನಿಂತರೆ ತಾನಾಗಿ ಗೊತ್ತಾಗುತ್ತದೆ, ಅಲ್ವಾ? 2024ರ ಆಗಸ್ಟ್‌ನಲ್ಲಿ ಕುಸಿದ ಹಳೆ ಸೇತುವೆ ಇದ್ದದ್ದೂ ಇಲ್ಲೇ.

ಸಂಜೆ ಹೊತ್ತು ಒಳ್ಳೆಯದು, ಸೂರ್ಯ ನೇರ ಸಮುದ್ರಕ್ಕೆ ಇಳಿಯುತ್ತಾನೆ. ಆದರೆ ಕತ್ತಲಾಗುವ ಮೊದಲೇ ಕೆಳಗಿಳಿಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಲ್ಲಿನ ಮೇಲೆ ಪಾಚಿ ಜಾಸ್ತಿ, ಮಕ್ಕಳನ್ನೂ ವಯಸ್ಸಾದವರನ್ನೂ ಕೈಹಿಡಿದೇ ಕರೆದುಕೊಂಡು ಹೋಗಿ. ಅಂಚಿನಲ್ಲಿ ಸೆಲ್ಫಿ ಬೇಡವೇ ಬೇಡ. ಹತ್ತಿರದಲ್ಲೇ ನೌಕಾನೆಲೆ ಇರುವುದರಿಂದ ಡ್ರೋನ್ ಮನೆಯಲ್ಲೇ ಬಿಟ್ಟು ಬನ್ನಿ. ನೀರಿನ ಬಾಟಲಿ ಜೊತೆಗಿರಲಿ, ಖಾಲಿಯಾದ ಮೇಲೆ ಅದನ್ನು ವಾಪಸ್ ತನ್ನಿ.