ಬೋರ್ಡ್ ಕೆಟ್ಟಿಲ್ಲ, ಅನುಮತಿ ಸಿಕ್ಕಿಲ್ಲ

ಹುಬ್ಬಳ್ಳಿಯ ವಿದ್ಯಾನಗರದ ಕೋಣೆಯೊಂದರಲ್ಲಿ ಬ್ಯಾಡಗಿ ಕಡೆಯ ಇಬ್ಬರು ವಿದ್ಯಾರ್ಥಿಗಳು ಹೊಸ ಆರ್ಡುಯಿನೊ ಉನೊ ಬೋರ್ಡನ್ನು (ಕಂಪ್ಯೂಟರಿನಿಂದ ಪ್ರೋಗ್ರಾಂ ತುಂಬಿ ನಡೆಸುವ ಪುಟ್ಟ ಸರ್ಕ್ಯೂಟ್ ಹಲಗೆ) ಅಂಗಡಿಗೆ ಮರಳಿಸಲು ಡಬ್ಬಿಗೆ ತುಂಬುತ್ತಿದ್ದರು. ಒಣಹಾಕಿದ ಮೆಣಸಿನಕಾಯಿಯ ತೇವ ಅಳೆಯುವುದು ಅವರ ಪ್ರಾಜೆಕ್ಟ್. ಪ್ರೋಗ್ರಾಂ ಕಳುಹಿಸಿದಾಗಲೆಲ್ಲ ಅವರ ಕಂಪ್ಯೂಟರಿನ ಲಿನಕ್ಸ್ ವ್ಯವಸ್ಥೆ ಉಬುಂಟು ‘ಪರ್ಮಿಷನ್ ಡಿನೈಡ್’, ಅಂದರೆ ಅನುಮತಿ ಇಲ್ಲ, ಎನ್ನುತ್ತಿತ್ತು. ಬೋರ್ಡಿನಲ್ಲಿ ದೋಷವೇ ಇರಲಿಲ್ಲ. ಈ ಸಂದೇಶ ಬಂದಿದೆ ಎಂದರೆ ಲಿನಕ್ಸ್ ಬೋರ್ಡನ್ನು ಗುರುತಿಸಿದೆ. ಅದನ್ನು ಮುಟ್ಟಲು ನಿಮಗೆ ಹಕ್ಕು ಕೊಟ್ಟಿಲ್ಲ, ಅಷ್ಟೆ.

ಟರ್ಮಿನಲ್ (ಆಜ್ಞೆ ಟೈಪ್ ಮಾಡುವ ಕಿಟಕಿ) ತೆರೆದು ‘ಎಲ್‌ಎಸ್ -ಎಲ್ /ಡೆವ್/ಟಿಟಿವೈಎಸಿಎಂ0’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಎಸಿಎಂ ಮಾತ್ರ ದೊಡ್ಡಕ್ಷರ. ಕೊನೆಯ ಭಾಗ ನಿಮ್ಮ ಬೋರ್ಡಿಗೆ ಲಿನಕ್ಸ್ ಕೊಟ್ಟ ಪೋರ್ಟಿನ ಹೆಸರು. ಯುಎಸ್‌ಬಿ ಸಂಪರ್ಕಕ್ಕೆ ಸಿಎಚ್340 ಎಂಬ ಚಿಪ್ ಬಳಸುವ ಅಗ್ಗದ ಬೋರ್ಡಾದರೆ ಎಸಿಎಂ ಬದಲು ಯುಎಸ್‌ಬಿ ಎಂದಿರುತ್ತದೆ. ಬರುವ ಸಾಲಿನ ಮೊದಲ ಅಕ್ಷರ ಬಿಟ್ಟು ಮೂರು ಮೂರಾಗಿ ಓದಿ. ಮೊದಲ ಮೂರು ಒಡೆಯನ ಹಕ್ಕು, ನಡುವಿನ ಮೂರು ಗುಂಪಿನದು, ಕೊನೆಯ ಮೂರು ಉಳಿದವರದು. ಕೊನೆಯಲ್ಲಿ ಬರೀ ಗೆರೆಗಳಿರುತ್ತವೆ, ಅಂದರೆ ಯಾವ ಹಕ್ಕೂ ಇಲ್ಲ. ಆ ‘ಉಳಿದವರು’ ಎಂದರೆ ನೀವು. ಒಡೆಯ ‘ರೂಟ್’ (ಎಲ್ಲ ಹಕ್ಕೂ ಇರುವ ಮುಖ್ಯ ಬಳಕೆದಾರ), ಗುಂಪು ‘ಡಯಲ್‌ಔಟ್’. ಸೀರಿಯಲ್ ಪೋರ್ಟಿಗೆ ಮೋಡೆಮ್ ಜೋಡಿಸಿ ಫೋನ್ ನಂಬರ್ ತಿರುಗಿಸುತ್ತಿದ್ದ ಕಾಲದ ಹೆಸರು ಅದು.

ಆ ಗುಂಪಿಗೆ ಸೇರಿಕೊಳ್ಳುವುದೇ ಸರಿಯಾದ ದಾರಿ: ‘ಸುಡೊ ಯೂಸರ್‌ಮಾಡ್ -ಎ -ಜಿ ಡಯಲ್‌ಔಟ್’, ನಂತರ ಜಾಗ ಬಿಟ್ಟು ನಿಮ್ಮ ಲಾಗಿನ್ ಹೆಸರು. ಸುಡೊ ಎಂದರೆ ಆಜ್ಞೆಯನ್ನು ರೂಟ್ ಹಕ್ಕಿನಿಂದ ನಡೆಸುವುದು. ಯೂಸರ್ ಪದಕ್ಕೆ ಎಂಒಡಿ ಅಂಟಿಸಿ ಬರೆಯಿರಿ. ಎ ಸಣ್ಣದು, ಜಿ ದೊಡ್ಡದು. ಆ ಸಣ್ಣ ಎ ಅನ್ನು ಯಾವ ಕಾರಣಕ್ಕೂ ಮರೆಯಬೇಡಿ. ಅದು ‘ಈಗಿರುವ ಗುಂಪುಗಳ ಜೊತೆಗೆ ಸೇರಿಸು’ ಎನ್ನುತ್ತದೆ. ಅದಿಲ್ಲದಿದ್ದರೆ ಉಳಿದ ಹೆಚ್ಚುವರಿ ಗುಂಪುಗಳಿಂದೆಲ್ಲ ನಿಮ್ಮ ಹೆಸರು ಅಳಿಸಿಹೋಗುತ್ತದೆ, ಸುಡೊ ಬಳಸುವ ಹಕ್ಕೂ ಅದರೊಂದಿಗೆ ಹೋಗುತ್ತದೆ. ಉಬುಂಟು ಬದಲು ಆರ್ಚ್ ಲಿನಕ್ಸ್ ಇದ್ದರೆ ಗುಂಪಿನ ಹೆಸರು ‘ಯುಯುಸಿಪಿ’.

ಬಹಳಷ್ಟು ಮಂದಿ ಎಡವುವುದು ಇದರ ನಂತರ. ಗುಂಪಿನ ಪಟ್ಟಿಯನ್ನು ಲಿನಕ್ಸ್ ಲಾಗಿನ್ ಆಗುವಾಗ ಮಾತ್ರ ಓದುತ್ತದೆ. ಟರ್ಮಿನಲ್ ಮುಚ್ಚಿ ತೆರೆದರೆ ಸಾಲದು, ಕಂಪ್ಯೂಟರನ್ನೇ ರೀಸ್ಟಾರ್ಟ್ ಮಾಡಿ. ಬಳಿಕ ‘ಗ್ರೂಪ್ಸ್’ ಎಂದು ಟೈಪ್ ಮಾಡಿದರೆ ಡಯಲ್‌ಔಟ್ ಹೆಸರು ಕಾಣಬೇಕು. ವಿದ್ಯಾನಗರದ ಹುಡುಗರೂ ಇಷ್ಟನ್ನೇ ಮಾಡಿದರು; ಪರೀಕ್ಷೆಗೆ ಕಳುಹಿಸಿದ ‘ಬ್ಲಿಂಕ್’ ಪ್ರೋಗ್ರಾಂಗೆ ಬೋರ್ಡಿನ ಹದಿಮೂರನೇ ಪಿನ್ನಿನ ದೀಪ ಒಂದು ಸೆಕೆಂಡ್ ಹೊತ್ತಿ, ಒಂದು ಸೆಕೆಂಡ್ ಆರತೊಡಗಿತು.

ಪೋರ್ಟನ್ನು ಎಲ್ಲರಿಗೂ ತೆರೆದಿಡುವ ‘ಸಿಎಚ್‌ಮಾಡ್ 666’ ಆಜ್ಞೆ ಹಾಕಿ ಎಂದು ಸೀನಿಯರ್‌ಗಳು ಹೇಳುವುದುಂಟು. ಅದು ಉಳಿಯುವುದಿಲ್ಲ. ಕೇಬಲ್ ಕಿತ್ತು ಮತ್ತೆ ಚುಚ್ಚಿದ ಕೂಡಲೇ ಹಳೆಯ ಅನುಮತಿಯೇ ಮರಳುತ್ತದೆ. ಆರ್ಡುಯಿನೊ ತಂತ್ರಾಂಶವನ್ನು ಸುಡೊ ಮೂಲಕ ತೆರೆಯುವುದಂತೂ ಬೇಡವೇ ಬೇಡ: ನಿಮ್ಮ ಫೋಲ್ಡರಿನಲ್ಲಿ ರೂಟ್ ಒಡೆತನದ ಕಡತಗಳು ಹುಟ್ಟಿಕೊಂಡು, ನಾಳೆ ನಿಮ್ಮದೇ ಪ್ರೋಗ್ರಾಂ ಉಳಿಸಲಾಗದೆ ಪರದಾಡುತ್ತೀರಿ.

ಪೋರ್ಟೇ ಕಾಣದಿದ್ದರೆ ಅದು ಬೇರೆ ಕಾಯಿಲೆ. ಮೊದಲು ಕೇಬಲ್ ಬದಲಿಸಿ. ಕೆಲವು ಕೇಬಲ್‌ಗಳು ಚಾರ್ಜಿಂಗ್‌ಗೆ ಮಾತ್ರ. ಉಬುಂಟು 22.04ರಲ್ಲಿ ‘ಬಿಆರ್‌ಎಲ್‌ಟಿಟಿವೈ’ ಎಂಬ ಸೇವೆ ಸಿಎಚ್340 ಚಿಪ್ಪನ್ನು ಬ್ರೈಲ್ ಸಾಧನವೆಂದು ಭಾವಿಸಿ ಕಸಿದುಕೊಳ್ಳುತ್ತದೆ. ಆ ಸೇವೆಯನ್ನು ‘ಸುಡೊ ಎಪಿಟಿ ರಿಮೂವ್ ಬಿಆರ್‌ಎಲ್‌ಟಿಟಿವೈ’ ಮೂಲಕ ತೆಗೆಯಬಹುದು. ಆ ಕಂಪ್ಯೂಟರಿನಲ್ಲಿ ಬ್ರೈಲ್ ಸಾಧನ ಬಳಸುವವರಿದ್ದರೆ ತೆಗೆಯಬೇಡಿ, ಬೇರೆ ಚಿಪ್ಪಿನ ಬೋರ್ಡ್ ತನ್ನಿ.